ಎಲ್ಲರೂ ಹಸಿರಾದ ತರಗತಿ

ಸಸ್ಯಶಾಸ್ತ್ರದ ಮೇಡಂಗೆ ಸಭೆಯಲ್ಲಿ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವರು ತಮಗೇ ಎಷ್ಟು ಸಲ ಹೇಳಿಕೊಂಡಿದ್ದರೋ. ಆದರೂ ಅಂದು ಡೀನ್ ಸಾಹೇಬರು ವಿಶ್ವವಿದ್ಯಾಲಯಕ್ಕೆ ಬಂದ ಹೊಸ ಸಾಫ್ಟ್‌ವೇರನ್ನು ಪರದೆಯ ಮೇಲೆ ತೋರಿಸುವಾಗ ನಾಲಿಗೆ ತುರಿಸಿತು. ಪ್ರತಿ ಪಾಠಕ್ಕೂ ಕಲಿಕೆಯ ಗುರಿಗಳನ್ನು ಬರೆಯಬೇಕು, ಯಾವ ವಿದ್ಯಾರ್ಥಿ ಯಾವ ಗುರಿ ಮುಟ್ಟಿದನೆಂದು ಗುರುತು ಹಾಕಬೇಕು. ಮುಟ್ಟಿದರೆ ಹಸಿರು, ಅರ್ಧಂಬರ್ಧವಾದರೆ ಹಳದಿ, ಇಲ್ಲವೇ ಇಲ್ಲವೆಂದರೆ ಕೆಂಪು.

"ಗಿಡ ಬೆಳೀತಾ ಇದೆಯಾ ಅಂತ ದಿನಾ ಕಿತ್ತು ಬೇರು ನೋಡಿದ ಹಾಗಾಯ್ತು," ಎಂದರು ಮೇಡಂ.

ಎಲ್ಲರೂ ನಕ್ಕರು. ಡೀನ್ ಕೂಡ ನಕ್ಕು, ಇಷ್ಟು ಚೆನ್ನಾಗಿ ಯೋಚಿಸುವವರೇ ತಮ್ಮ ವಿಭಾಗದಲ್ಲಿ ಇದರ ಉಸ್ತುವಾರಿ ನೋಡಿಕೊಳ್ಳಲಿ ಎಂದುಬಿಟ್ಟರು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಬುದ್ಧಿವಂತೆ ತಾನೇ ಎಂದು ಮೇಡಂ ಹಣೆ ಚಚ್ಚಿಕೊಂಡರು.

ಮೊದಲ ದಿನವೇ ಸಾಫ್ಟ್‌ವೇರ್ ಅವರಿಗೆ ಪಾಠ ಕಲಿಸಿತು. 'ಸಸ್ಯಗಳ ಉಸಿರಾಟವನ್ನು ಅರ್ಥಮಾಡಿಕೊಳ್ಳುವುದು' ಎಂದು ಬರೆದರೆ ಒಪ್ಪಲಿಲ್ಲ. ಅರ್ಥವಾದದ್ದನ್ನು ಅಳೆಯಲಾಗದು, 'ಗುರುತಿಸುವುದು', 'ಪಟ್ಟಿ ಮಾಡುವುದು' ಎಂದು ಬರೆಯಿರಿ ಎಂದಿತು. ಇಷ್ಟು ವರ್ಷ ತಾನು ಕಲಿಸಿದ್ದು ಲೆಕ್ಕಕ್ಕೇ ಇಲ್ಲದ ಕ್ರಿಯಾಪದವನ್ನೇ ಎಂದುಕೊಂಡು ಮೇಡಂ ತಿದ್ದಿದರು. ಆಮೇಲೆ ಒಂದು ಗುಂಡಿ ಕಣ್ಣಿಗೆ ಬಿತ್ತು. ಅದನ್ನು ಒತ್ತಿದರೆ ಇಡೀ ತರಗತಿ ಒಂದೇ ಏಟಿಗೆ ಹಸಿರು. ಒತ್ತಿದರು. ಪಕ್ಕದ ಮೇಜಿನ ಇತಿಹಾಸದ ಮೇಷ್ಟ್ರಿಗೂ ಹೇಳಿಕೊಟ್ಟರು. ವರದಿ ಬಂದಾಗ ಮೇಡಂ ವಿಭಾಗವೇ ಎಲ್ಲರಿಗಿಂತ ಮುಂದು. ಡೀನ್ ಹೊಗಳಿದರು. ಮೇಡಂ ಉಬ್ಬಿಹೋಗಿ ಆ ಹಸಿರು ಪುಟವನ್ನು ಫೋನಿನಲ್ಲಿ ತಂದು ಗಂಡನಿಗೆ ತೋರಿಸಿದರು.

ಗಂಡನದು ಕನ್ನಡಕದ ಅಂಗಡಿ. "ನಾನೂ ಹಾಗೇ ಮಾಡ್ಲಾ? ಅಕ್ಷರದ ಬೋರ್ಡ್ ಓದಿಸದೇನೇ ಎಲ್ಲರಿಗೂ ಕಣ್ಣು ಸರಿ ಇದೆ ಅಂತ ಬರೆದು ಕೊಡ್ಲಾ?" ಎಂದ. ಮೇಡಂ ಆ ಹೊತ್ತಿಗೆ ಮುನಿಸಿಕೊಂಡರು, ಅಷ್ಟೇ.

ಒಂದು ಬೆಳಿಗ್ಗೆ ಕರೆಂಟು ಹೋಗಿ ಪರದೆ ಕಪ್ಪಾಯಿತು. ಸ್ಲೈಡುಗಳಿಲ್ಲದೆ ಪಾಠ ಮಾಡುವ ಧೈರ್ಯ ಸಾಲದೆ ಮೇಡಂ ಎಲ್ಲರನ್ನೂ ಹೊರಗಿನ ಮರದಡಿಗೆ ಕರೆದೊಯ್ದರು. ಎರಡೂ ಬದಿಗೆ ಸಾಲಾಗಿ ಪುಟ್ಟ ಎಲೆಗಳಿದ್ದ ಒಂದು ಕಡ್ಡಿ ಬಗ್ಗಿಸಿ, ಇದರಲ್ಲಿರುವುದು ಎಷ್ಟು ಎಲೆ ಎಂದು ಕೇಳಿದರು. 'ಎಲೆಯ ಭಾಗಗಳನ್ನು ಗುರುತಿಸುವುದು' ಎಂಬ ಗುರಿಯಲ್ಲಿ ಅಲ್ಲಿದ್ದವರೆಲ್ಲ ಹಸಿರೇ. ಕೆಲವರು ಒಂದೊಂದನ್ನೂ ಬೆರಳಿಟ್ಟು ಎಣಿಸತೊಡಗಿದರು, ಕೆಲವರು ಹಿಂದೆ ಸರಿದು ಫೋನು ತೆಗೆದರು. ಕೊನೆಗೆ ಒಬ್ಬ ಹುಡುಗಿ, "ಇದು ಯಾವ ಮರ ಮೇಡಂ?" ಎಂದಳು.

ವರ್ಷಗಟ್ಟಲೆ ಅದರ ನೆರಳಿನಲ್ಲೇ ಸ್ಕೂಟರ್ ನಿಲ್ಲಿಸಿದ ಮೇಡಂಗೆ ಗೊತ್ತಿರಲಿಲ್ಲ. ಬಾಯಿಗೆ ಬಂದ ಒಂದು ಲ್ಯಾಟಿನ್ ಹೆಸರು ಒಗೆದರಾಯಿತು, ಯಾರು ಕೇಳುತ್ತಾರೆ ಎನಿಸಿತು. ಹೆಸರು ನಾಲಿಗೆಯ ತುದಿಗೂ ಬಂತು. ಆದರೆ ಹುಡುಗಿ ಬರೆದುಕೊಳ್ಳಲು ಪೆನ್ನು ತೆಗೆದುಬಿಟ್ಟಿದ್ದಳು.

"ನನಗೂ ಗೊತ್ತಿಲ್ಲಮ್ಮ," ಎಂದರು.

ಹಿಂದೆ ನಿಂತು ಫೋನು ನೋಡುತ್ತಿದ್ದವರೂ ಅದನ್ನು ಕೇಳಿ ಹತ್ತಿರ ಬಂದರು. ಸಸ್ಯ ಗುರುತಿಸುವ ದಪ್ಪ ಪುಸ್ತಕ ತರಿಸಿ, ಹೂವು ಬಿಡಿಸಿ, ಮೇಡಂ ಒಂದೊಂದೇ ಲಕ್ಷಣ ಓದಿ, ಇದೆಯೋ ಇಲ್ಲವೋ ನೋಡುತ್ತ ಹೋದರು. ಎಲ್ಲೋ ದಾರಿ ತಪ್ಪಿತು. ಪುಸ್ತಕದ ಪ್ರಕಾರ ಆ ದೊಡ್ಡ ಮರ ಕೆರೆಯಲ್ಲಿ ತೇಲುವ ಕಳೆಯಾಯಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಡಂ. ಮತ್ತೆ ಮೊದಲಿನಿಂದ ಶುರುಮಾಡಿದಾಗ ಆ ಹುಡುಗಿ ಕಡ್ಡಿಯ ಬುಡಕ್ಕೆ ಮಸೂರ ಹಿಡಿದು, "ಎಲೆಯ ಬುಡದಲ್ಲಿ ಇರಬೇಕಾದ ಮೊಗ್ಗು ಇಲ್ಲಿ ಮಾತ್ರ ಇದೆ ಮೇಡಂ. ಅಂದ್ರೆ ಈ ಪುಟ್ಟ ಎಲೆಗಳೆಲ್ಲಾ ಸೇರಿ ಒಂದೇ ಎಲೆ ಅಲ್ವಾ?" ಎಂದಳು. ಅಲ್ಲಿಂದ ದಾರಿ ಸರಿಹೋಗಿ ಮರದ ಹೆಸರೂ ಸಿಕ್ಕಿತು.

ಮಧ್ಯಾಹ್ನ ಕರೆಂಟು ಬಂದೊಡನೆ ಮೇಡಂ ಆ ಹುಡುಗಿಯೊಬ್ಬಳನ್ನು ಬಿಟ್ಟು ಉಳಿದ ತರಗತಿಯನ್ನೆಲ್ಲ ಕೆಂಪು ಮಾಡಿದರು. ಮರುದಿನವೇ ಡೀನ್ ಕರೆಸಿದರು. ಪರಿಶೀಲನಾ ಸಮಿತಿ ಬರುವ ಹೊತ್ತಿಗೆ ಇದೇನು ಎಂದು ಅವರ ತಕರಾರು. ಮೊದಲಿನ ಹಸಿರು ಬರೀ ಸುಳ್ಳೆಂದು ಮೇಡಂ ಒಪ್ಪಿಕೊಂಡರು. ಡೀನ್ ಎದ್ದು ಬಾಗಿಲು ಮುಚ್ಚಿ ಬಂದರು.

"ನನ್ನ ತರಗತಿ ಯಾವ ಬಣ್ಣದಲ್ಲಿದೆ?"

"ಹಸಿರು ಸಾರ್. ನಿಮಗೆ ಪುರುಸೊತ್ತಿಲ್ಲ ಅಂತ ನಾನೇ ಒತ್ತಿದ್ದೆ."

ಡೀನ್ ಮುಖದಲ್ಲಿ ನಗು ಬರಲೋ ಬೇಡವೋ ಎಂದು ಒದ್ದಾಡಿತು. ಕೆಂಪು ಹಾಗೇ ಇರಲಿ, ಆದರೆ ಪರೀಕ್ಷೆಗೆ ಮುಂಚೆ ಇನ್ನೊಮ್ಮೆ ಕಲಿಸಿ ಎಂದರು. ಮೇಡಂ ಇದೇ ಸಮಯವೆಂದು ಉಸ್ತುವಾರಿಯಿಂದ ಬಿಡುಗಡೆ ಕೇಳಿದರು. ಇಷ್ಟು ಪ್ರಾಮಾಣಿಕರು ಬೇರೆ ಯಾರಿದ್ದಾರೆ ಎಂದು ಡೀನ್ ಇನ್ನೂ ಎರಡು ವಿಭಾಗಗಳನ್ನು ಅವರ ಕೊರಳಿಗೆ ಕಟ್ಟಿದರು.

ಈಗ ವಾರಕ್ಕೊಮ್ಮೆ ಪಾಠ ಹೊರಗೇ. ಇರುವೆ ಕಚ್ಚಿದ ಕಾಲನ್ನು ಕೆರೆದುಕೊಳ್ಳುತ್ತ ಮೇಡಂ ಎಲೆ, ಕಾಂಡ, ತೊಗಟೆ ತೋರಿಸುತ್ತಾರೆ. ಕೆಲವರು ಹಳದಿಗೆ ಬಂದಿದ್ದಾರೆ, ಕೆಲವರು ನಿಜವಾಗಿ ಹಸಿರಾಗಿದ್ದಾರೆ. ಕೊನೆಯ ಸಾಲಿನ ಇಬ್ಬರು ಮಾತ್ರ ಜಪ್ಪಯ್ಯ ಎಂದರೂ ಕೆಂಪು ಬಿಟ್ಟು ಕದಲಿಲ್ಲ. ಅವರನ್ನು ಕಂಡರೆ ಮೇಡಂಗೆ ಯಾಕೋ ತಮ್ಮ ಕಾಲೇಜಿನ ದಿನಗಳು ನೆನಪಾಗಿ, ಬೈಯಲು ಬಾಯೇ ಬರುವುದಿಲ್ಲ.