ನೂಲು ಕಡಿಯುವಷ್ಟು ಹೊತ್ತು

ಅಕ್ಕನ ರಾಗವನ್ನು ಅಕ್ಕನದು ಎಂದು ಹೇಳಲು ನನ್ನಿಂದ ಆಗಲಿಲ್ಲ. ಬಾಯಿ ಬಿಟ್ಟು ಕೇಳಿದವರಿದ್ದರು. ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಹೇಳಲಿಲ್ಲ.

ನಾನು ನೆದರ್ಲೆಂಡ್ಸಿನ ಲೈಡನ್ ಎಂಬ ಊರಿನ ಒಂದು ಇಂಡಿಯನ್ ಹೋಟೆಲಿನಲ್ಲಿ ಅಡುಗೆಯವನು. ಮೂಡುಬಿದಿರೆ ಕಡೆಯವನು, ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಸಂಗೀತವೆಂದರೆ ನನಗೆ ಗೊತ್ತಿದ್ದದ್ದು ಊರಿನ ಭಜನಾ ಮಂದಿರದ ಹಾರ್ಮೋನಿಯಂ ಮಾತ್ರ. ಅದೂ ಯಾರೋ ಕಲಿಸಿದ್ದಲ್ಲ, ಕಿವಿಯಿಂದ ಬೆರಳಿಗೆ ಬಂದದ್ದು.

ಕೊರೋನಾದ ಮೊದಲ ಚಳಿಗಾಲದಲ್ಲಿ ಹೋಟೆಲಿನಲ್ಲಿ ಕೂತು ತಿನ್ನುವ ಹಾಗಿರಲಿಲ್ಲ, ಪಾರ್ಸೆಲ್ ಮಾತ್ರ. ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಕವುಚಿ ಇಟ್ಟಿದ್ದೆವು. ಹಳೆಯ ಸಾಮಾನು ಮಾರುವ ಕ್ರಿಂಗ್ಲೋಪ್ ಅಂಗಡಿಯಿಂದ ತಂದ ಸಣ್ಣ ಕೀಬೋರ್ಡ್ ಒಂದು ನನ್ನ ಬಳಿ ಇತ್ತು. ಅದರ ಎರಡು ಕೀಗಳಿಂದ ದನಿಯೇ ಹೊರಡುತ್ತಿರಲಿಲ್ಲ. ಆರ್ಡರ್ ಬರುವವರೆಗೆ ಖಾಲಿ ಊಟದ ಹಾಲ್‌ನಲ್ಲಿ ಕೂತು ಅದನ್ನು ನುಡಿಸುತ್ತಿದ್ದೆ.

ಪಾರ್ಸೆಲ್ ಒಯ್ಯಲು ಬರುತ್ತಿದ್ದ ಧಾರವಾಡದ ಹುಡುಗಿಯೊಬ್ಬಳು ಅದನ್ನು ಕೇಳಿದಳು. ಇಲ್ಲಿನ ಯೂನಿವರ್ಸಿಟಿಯಲ್ಲಿ ಓದುವವಳು. ಸಣ್ಣದೊಂದು ಸಿನಿಮಾ ಮಾಡುತ್ತಿದ್ದಳು. ಅವಳ ಕೋಣೆಯ ಕೆಳಗಿನ ಮನೆಯಲ್ಲಿ ಡಚ್ ಅಜ್ಜಿಯೊಬ್ಬರು ಒಂಟಿಯಾಗಿದ್ದರು. ಯಾರೂ ಒಳಗೆ ಹೋಗುವಂತಿಲ್ಲ. ಅಜ್ಜಿ ದಿನವಿಡೀ ಕಿಟಕಿಯ ಬಳಿ ಕೂತು ಉಣ್ಣೆ ಹೆಣೆಯುವುದನ್ನು ಹುಡುಗಿ ಅವರನ್ನು ಕೇಳಿಕೊಂಡೇ ಗಾಜಿನ ಹೊರಗಿನಿಂದ ತೆಗೆದಿದ್ದಳು. ಅಷ್ಟೇ ಕಥೆ.

"ಅಣ್ಣಾರ, ಇದಕ್ಕ ನೀವ ಮ್ಯೂಸಿಕ್ ಮಾಡಿಕೊಡ್ರಿ."

"ನನಗೆ ಅದೆಲ್ಲ ಬರುವುದಿಲ್ಲ ಮಾರಾಯ್ತಿ. ನಾನು ಸಾರು ಮಾಡುವವ."

"ಸಾರಿಗೆ ಒಗ್ಗರಣಿ ಹಾಕ್ತೀರಲ್ರಿ, ಹಂಗ ಹಾಕ್ರಿ."

ಅವಳು ಕಳಿಸಿದ ಚಿತ್ರವನ್ನು ಉಪ್ಪಿನ ಡಬ್ಬಿಗೆ ಒರಗಿಸಿದ ಫೋನಿನಲ್ಲಿ ಹಾಕಿಕೊಂಡು ಮೂರು ವಾರ ಕೂತೆ. ಮೊದಲು ಹಳೆಯ ಸಿನಿಮಾಗಳ ದುಃಖದ ಹಾಡಿನಂತೆ ಏನನ್ನೋ ಕಟ್ಟಿದೆ.

"ಭಾಳ ಅಳಸ್ತೈತ್ರಿ," ಅಂದಳು. "ಅಜ್ಜಿನ ಅಳಾಂಗಿಲ್ಲ, ನೀವ್ಯಾಕ ಅಳಾಕತ್ತೀರಿ?"

ಭಜನೆಯ ಧಾಟಿ ಹಾಕಿದೆ. "ಈಗ ಗುಡಿ ಆತ್ರಿ," ಎಂದು ನಕ್ಕಳು.

ಸಾಕೆನಿಸಿ ಕೀಬೋರ್ಡನ್ನು ಪಕ್ಕಕ್ಕಿಟ್ಟು ಈರುಳ್ಳಿ ಹೆಚ್ಚಲು ಹೋದೆ. ಎದುರಿಗೆ ಫೋನಿನಲ್ಲಿ ಅಜ್ಜಿ ಹೆಣೆಯುತ್ತಲೇ ಇದ್ದರು. ನನ್ನ ಬಾಯಿ ತನ್ನಷ್ಟಕ್ಕೆ ಗುನುಗತೊಡಗಿತ್ತು. ಅಕ್ಕನ ರಾಗ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು, ನನ್ನನ್ನು ಸಾಕಿದವಳು. ಬೀಡಿ ಕಟ್ಟುವಾಗ ಅವಳು ಒಂದು ರಾಗ ಹೇಳುತ್ತಿದ್ದಳು. ಮಾತಿಲ್ಲದ ರಾಗ, ಅವಳೇ ಮಾಡಿಕೊಂಡದ್ದು. ಎಲೆ ಸುರುಟುವಾಗ ಒಂದು ಎಳೆ, ನೂಲು ಸುತ್ತುವಾಗ ಇನ್ನೊಂದು. ನೂಲು ಕಡಿಯುವಾಗ ಉಸಿರು ಹಿಡಿಯುತ್ತಾಳೆ, ರಾಗ ನಿಲ್ಲುತ್ತದೆ. ಬೀಡಿಯ ಬಾಯಿ ಮಡಚುವಾಗ ಮತ್ತೆ ಮೊದಲಿನಿಂದ. ಒಂದು ಸುತ್ತಿಗೆ ಒಂದು ಬೀಡಿ. ಇಪ್ಪತ್ತೈದನೆಯದಕ್ಕೆ ದನಿ ಸ್ವಲ್ಪ ಮೇಲೇರುತ್ತದೆ, ಒಂದು ಕಟ್ಟು ಆಯಿತೆಂದು ಅರ್ಥ. ಅವಳು ಬಾಯಲ್ಲಿ ಎಣಿಸಿದ್ದನ್ನು ನಾನು ಕಂಡಿಲ್ಲ. ಅವಳ ಮೊರದ ಪಕ್ಕ ಮಲಗಿ ನಾನು ನಿದ್ದೆ ಹೋಗುತ್ತಿದ್ದದ್ದು ಆ ರಾಗಕ್ಕೇ. ಆ ತಂಬಾಕಿನ ಘಾಟು ನೆನಪಾದರೆ ಈಗಲೂ ಮೂಗು ಉರಿಯುತ್ತದೆ.

ಈಗ ನನ್ನ ಬಾಯಲ್ಲಿ ರಾಗ ನಿಂತ ಕಡೆಯೇ ಫೋನಿನಲ್ಲಿ ಅಜ್ಜಿಯ ಹೆಣಿಗೆಯ ಸಾಲು ಮುಗಿದು ಕಡ್ಡಿ ತಿರುಗಿತು. ಮುಂದಿನ ಸಾಲಿಗೂ ಹಾಗೆಯೇ. ನನ್ನ ಕೈಯ ಚೂರಿ ನಿಂತಿತು.

ಮರುದಿನ ಬರೀ ಬಾಯಲ್ಲಿ ಗುನುಗಿ, ಕೆಳಗೆ ಕೀಬೋರ್ಡಿನ ನಾಲ್ಕು ಸ್ವರ ಇಟ್ಟು ಫೋನಿನಲ್ಲೇ ರೆಕಾರ್ಡ್ ಮಾಡಿದೆ. ದನಿಯಿಲ್ಲದ ಕೀ ನಡುವೆ ಬಂತೆಂದು ಶ್ರುತಿ ಸ್ವಲ್ಪ ಏರಿಸಿದೆ. ನನ್ನ ಕೆಲಸ ಎಂದು ಇದ್ದದ್ದು ಅಷ್ಟೇ.

ಹುಡುಗಿ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದಳು. "ನಡುವ ಒಂಚೂರು ನಿಂದರತೈತಲ್ರಿ, ಅದು ನಿಮಗ ಹೆಂಗ ಹೊಳೀತ್ರಿ? ಯಾರದ್ರಿ ಈ ಧಾಟಿ?"

"ನನ್ನದೇ," ಅಂದೆ.

ಬೀಡಿಯ ವಿಷಯ ಹೇಳಲು ನಾಚಿಕೆಯಾಯಿತೆಂದರೆ ಅದು ಇನ್ನೊಂದು ಸುಳ್ಳು. ಅಷ್ಟು ಓದಿದವಳು ನನಗೆ 'ಹೆಂಗ ಹೊಳೀತು' ಎಂದು ಕೇಳಿದ್ದಳು. ಅಲ್ಲಿಯವರೆಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಆ ಪ್ರಶ್ನೆ ನನ್ನದೇ ಆಗಿರಲಿ ಎಂದು ಆಸೆಯಾಯಿತು.

ಏಪ್ರಿಲ್ ಕೊನೆಗೆ ಸಿನಿಮಾ ಇಂಟರ್ನೆಟ್ಟಿಗೆ ಬಂತು. ಕೊನೆಯಲ್ಲಿ 'ಸಂಗೀತ' ಎಂದು ಬರೆದು ನನ್ನ ಹೆಸರು. ಅಕ್ಕನಿಗೂ ಕಳಿಸಿದೆ. ಅವಳು ಆಗ ಹೊಸದಾಗಿ ಮಗಳ ಊರಿಗೆ ಹೋಗಿ ನೆಲೆಸಿದ್ದಳು. ಅಲ್ಲಿ ಎರಡನೆಯ ಸಲದ ಲಾಕ್‌ಡೌನಿನಿಂದ ಬೀಡಿ ಎಲೆ ಬರುತ್ತಿರಲಿಲ್ಲ, ಕೈಗೆ ಕೆಲಸವಿರಲಿಲ್ಲ. ನೋಡಿ ಫೋನ್ ಮಾಡಿದಳು.

"ಚೆಂದ ಉಂಟು ಮಾರಾಯ. ಕೊನೆಗೆ ನಿನ್ನ ಹೆಸರು ಬರ್ತದಲ್ಲ, ಮಗಳ ಹತ್ರ ಎರಡು ಸಲ ಓದಿಸಿದೆ. ಆ ಮುದುಕಿಗೆ ಊಟ ಯಾರು ಕೊಡುವುದು?"

ರಾಗದ ಬಗ್ಗೆ ಒಂದು ಮಾತಿಲ್ಲ. ಎರಡು ಸಲ ಯಾಕೆ ಓದಿಸಿದಳು? ಖುಷಿಗೋ, ಇನ್ನೊಂದು ಹೆಸರು ಇದೆಯೋ ಎಂದೋ? ಕೇಳುವ ಧೈರ್ಯ ಬರಲಿಲ್ಲ. ಹೋಗಿ ಅವಳ ಎದುರು ಕೂತರೆ ಮುಖ ನೋಡಿಯೇ ತಿಳಿಯುತ್ತಿತ್ತು. ಆ ವರ್ಷ ಊರಿಗೆ ಹೋಗುವ ದಾರಿಯೇ ಇರಲಿಲ್ಲ.

ಕೆಲವು ತಿಂಗಳ ಮೇಲೆ ಎಲೆ ಬರತೊಡಗಿತು. ಮಗಳ ಮನೆಯ ಪಕ್ಕದ ಜಗಲಿಯಲ್ಲಿ ಅಕ್ಕ ಅಲ್ಲಿಯ ಹೆಂಗಸರೊಂದಿಗೆ ಬೀಡಿ ಕಟ್ಟಲು ಕೂತಳು. ನನಗೆ ಅಡುಗೆ ಶುರು ಮಾಡುವ ಹೊತ್ತು, ಅವಳಿಗೆ ಮಧ್ಯಾಹ್ನ. ಫೋನನ್ನು ಮೊರಕ್ಕೆ ಒರಗಿಸಿ ಇಡಲು ಹೇಳುತ್ತಿದ್ದೆ. ಕತ್ತರಿಯ ಸದ್ದು ಕೇಳುತ್ತಿತ್ತು, ಕಾಗೆ ಕೂಗುತ್ತಿತ್ತು, ಕುಕ್ಕರ್ ಸೀಟಿ ಹಾಕುತ್ತಿತ್ತು. ನಾನು ಕಾಯುತ್ತಿದ್ದದ್ದು ಬರುತ್ತಿರಲಿಲ್ಲ. ಹತ್ತು ದಿನ ಕಾದು ಕೇಳಿದೆ.

"ಅಕ್ಕ, ಈಗ ರಾಗ ಹೇಳುವುದಿಲ್ಲವಾ?"

"ಹೇಗೆ ಹೇಳುವುದು? ಬಾಯಿ ತೆಗೆದರೆ ಇವರು ನಗ್ತಾರೆ. 'ಸುರು ಮಾಡಿದ್ಲು ನೋಡಿ, ತಮ್ಮನ ಪಿಚ್ಚರಿನ ಹಾಡು' ಅಂತ."

ಅವರು ಅಕ್ಕನ ರಾಗ ಕೇಳುವ ಮೊದಲೇ ಅವಳ ಮಗಳ ಫೋನಿನಲ್ಲಿ ನನ್ನ ಸಿನಿಮಾ ನೋಡಿದ್ದರು.

"ನೀನು ಎಂತ ಹೇಳಿದಿ ಅವರಿಗೆ?"

"ಎಂತ ಹೇಳುವುದು? ಹೌದು ಅಂದೆ. ನಿನ್ನ ಹೆಸರೇ ಉಂಟಲ್ಲ ಅದರಲ್ಲಿ." ಮತ್ತೆ ಕತ್ತರಿಯಾಡಿಸುತ್ತಾ ಅಂದಳು, "ಈಗ ಬಾಯಲ್ಲಿ ಎಣಿಸುವುದು. ಕಟ್ಟಿಗೆ ಒಂದೆರಡು ಹೆಚ್ಚು ಕಮ್ಮಿ ಆಗ್ತದೆ."

ಒಲೆಯ ಮೇಲಿನ ಬೇಳೆ ಉಕ್ಕಿತು. ಒಲೆ ಆರಿಸಿದೆ. ಹುಡುಗಿಗೆ ಹೇಳಿ ಹೆಸರು ಬದಲಿಸುವುದು ಆಮೇಲಿನ ಮಾತು. ಮೊದಲು ಆ ಜಗಲಿಗೆ ಹೇಳಬೇಕಿತ್ತು.

"ಅವರೆಲ್ಲ ಅಲ್ಲೇ ಇದ್ದಾರಾ?"

"ಇದ್ದಾರೆ. ಎಂತಕ್ಕೆ?"

"ಸ್ಪೀಕರಿಗೆ ಹಾಕು."

ಹಾಕಿದಳು. ಯಾರೋ ಒಬ್ಬರು, "ಹೇಳಿ ಮ್ಯೂಸಿಕ್ ಡೈರೆಕ್ಟ್ರೇ, ಮುಂದಿನ ಪಿಚ್ಚರ್ ಯಾವಾಗ?" ಅಂದರು. ಉಳಿದವರು ನಕ್ಕರು. ನಗು ಮುಗಿಯುವವರೆಗೆ ಕಾದೆ.

"ಆ ರಾಗ ನನ್ನದಲ್ಲ," ಅಂದೆ. ಊಟದ ಹಾಲ್‌ನಲ್ಲಿ ಯಾರೂ ಇಲ್ಲದಿದ್ದರೂ ಜೋರಾಗಿಯೇ ಹೇಳಿದೆ. "ಅದು ನನ್ನ ಅಕ್ಕ ಬೀಡಿ ಕಟ್ಟುತ್ತಾ ಮಾಡಿದ್ದು. ನನಗೆ ಬುದ್ಧಿ ಬರುವ ಮೊದಲೇ ಇತ್ತು. ಕೇಳಿದವರಿಗೆ ನನ್ನದು ಅಂತ ಸುಳ್ಳು ಹೇಳಿ ನನ್ನ ಹೆಸರು ಹಾಕಿಸಿಕೊಂಡೆ. ನಗುವುದಾದರೆ ನನಗೆ ನಗಿ. ಅಕ್ಕ, ನನ್ನದು ತಪ್ಪಾಯ್ತು."