ಒಂದನೇ ಇಯತ್ತೆಯ ಗೌರಾಬಾಯಿ

ಮರಾಠಿ ಸೀಮೆಯ ಆ ಶಹರದ ಅಂಚಿಗೆ, ಕಾತ್ರಜದ ಆಚೆ ಎಲ್ಲೇ ಹೊಸ ಕಟ್ಟಡ ಏಳಲಿ, ಅದರ ಬುಡದಲ್ಲಿ ಪತ್ರಾಸಿನ ತಗಡಿನ ಶೆಡ್ಡುಗಳು ಎದ್ದವೆಂದರೆ ಗೌರಾಬಾಯಿ ಒಂದು ಸಲ ಹೋಗಿ ಬರುವವಳೇ. ಯಾದಗಿರಿ ಕಡೆಯಿಂದ ಬಂದು ಸ್ವಾರಗೇಟಿನ ಬಸ್ ನಿಲ್ದಾಣದಲ್ಲಿ ಇಳಿದ ಕೂಲಿ ಮಂದಿ ಅಲ್ಲಿರುತ್ತಾರೆ. ಅವರ ಮಕ್ಕಳನ್ನು ಕೈಹಿಡಿದು ತಂದು ಕನ್ನಡ ಶಾಲೆಯ ಒಂದನೇ ಇಯತ್ತೆಯಲ್ಲಿ ಕೂಡಿಸುವುದು ಆಕೆಯ ಕೆಲಸ. ಯಾರೂ ಹಚ್ಚಿದ್ದಲ್ಲ. ಗಂಡ ಶ್ಯಾಮರಾಯರು ನಾಲ್ಕು ಮಂದಿಯನ್ನು ಕೂಡಿಸಿಕೊಂಡು ಕಟ್ಟಿದ ಶಾಲೆ. ಅವರು ತೀರಿದ ಮೇಲೆ ಸಮಿತಿಯಲ್ಲಿ ಅವರ ಕುರ್ಚಿ ಈಕೆಗೆ ಬಂದಿತ್ತು.

ಈ ವರ್ಷ ಗಾರೆ ಹೊರುವ ಸಾಬವ್ವನ ಮಗಳು ಸುಮಂಗಲಾ ಬಂದಿದ್ದಳು. ಜೊತೆಯವರೆಲ್ಲ ದೂರದ ಚಾಕಣದ ಕೆಲಸಕ್ಕೆ ಹೊರಟಾಗ ಸಾಬವ್ವನೂ ಗಂಟು ಕಟ್ಟಿದ್ದಳು. "ನಾಕನೇ ಇಯತ್ತೆ ಮುಗಿಯೂತನಕಾ ಈಕಿ ಸಾಲಿ ತಪ್ಪೂದಿಲ್ಲ, ನನ್ನ ಮಾತು," ಎಂದು ಗೌರಾಬಾಯಿ ಅವಳ ಕೈಯಲ್ಲಿ ಕೈಯಿಟ್ಟಳು. ಸಾಬವ್ವ ಗಂಟು ಬಿಚ್ಚಿದಳು.

ಸಮಿತಿಯ ಅಧ್ಯಕ್ಷರು ಮಾರ್ತಾಂಡರಾಯರು, ಗಂಡನ ಅಣ್ಣ. ಲಗ್ನವಾಗಿ ಬಂದಂದಿನಿಂದ ಗೌರಾಬಾಯಿ ಭಾವನವರ ಎದುರು ಬಾಯಿ ಬಿಟ್ಟವಳಲ್ಲ. ಆ ಮನೆತನದ ರೀತಿಯೇ ಹಾಗೆ. ಅವರು ಪಡಸಾಲೆಯಲ್ಲಿ ನಿಂತು ಕೇಳಬೇಕು. ಒಪ್ಪಿಗೆಯಿದ್ದರೆ ಈಕೆ ಅವರ ಹೆಂಡತಿ, ತನ್ನ ನೆಗೆಣ್ಣಿ ಇಂದೂಬಾಯಿಯ ಕಿವಿಯಲ್ಲಿ ಆಗಲಿ ಅನ್ನಬೇಕು. ಒಲ್ಲದಿದ್ದರೆ ಸೆರಗು ಮುಂದಕ್ಕೆಳೆದು ಸುಮ್ಮನೆ ನಿಂತರಾಯಿತು. ಮಗಳು ಹರ್ಷದಾಳಿಗೆ ದೊಡ್ಡ ಮನೆಯ ವರ ಬಂದಾಗಲೂ ಈಕೆ ಹಾಗೇ ಸೆರಗೆಳೆದು ನಿಂತಿದ್ದಳು. ರಾಯರು ಮತ್ತೊಂದು ಮಾತು ಕೇಳದೆ ಬಂದವರನ್ನು ಮರಳಿ ಕಳಿಸಿದ್ದರು.

ಸಮಿತಿಯ ಮೀಟಿಂಗಿಗೆ ಮಗರಪಟ್ಟಾದ ಕಂಪ್ಯೂಟರ್ ಕಂಪನಿಯಿಂದ ಬಂದ ಹೊಸ ಸದಸ್ಯ ಋಷಿಕೇಶ, ಕನ್ನಡದ ಇಯತ್ತೆಗಳನ್ನು ಮುಚ್ಚಿ ಆ ಖೋಲಿಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯೋಣ ಎಂದ. ಅವನ ಮಾತು ಅರ್ಧ ಮರಾಠಿ, ಅರ್ಧ ಕನ್ನಡ. ನಮ್ಮ ಮಂದಿಯ ಮಕ್ಕಳೇ ಇಲ್ಲಿಗೆ ಬರುವುದಿಲ್ಲ, ಶೆಡ್ಡಿನ ಮಕ್ಕಳಿಗೆ ಹತ್ತಿರದಲ್ಲಿ ಮರಾಠಿ ಶಾಲೆ ಇದ್ದೇ ಇದೆ, ಸೋಮವಾರವೇ ಖೋಲಿ ತೆರವಾಗಲಿ ಎಂದ. ಕೂತವರು ತಲೆಯಾಡಿಸಿದರು.

"ಯಾರದರ ವಿರೋಧ ಅದ ಏನ್ರಿ?" ಎಂದು ರಾಯರು ಒಬ್ಬೊಬ್ಬರ ಮುಖ ನೋಡಿದರು. ಗೌರಾಬಾಯಿಯ ಕಡೆಗೂ ನೋಡಿದರು. ಆಕೆ ಸೆರಗು ಎಳೆದು, ತಲೆ ತಗ್ಗಿಸಿ, ಗಟ್ಟಿಯಾಗಿ ಕೂತಳು. ಹೇಳಬೇಕಾದ್ದು ಹೇಳಿಯಾಯಿತೆಂದು ಎದೆ ಹಗುರಾಯಿತು.

"ಹಂಗಾದ್ರ ಎಲ್ಲಾರೂ ಒಪ್ಪಿದಂಗಾತು," ಎಂದರು ರಾಯರು. ಚಹಾ ಬಂತು. ಗೌರಾಬಾಯಿಯ ಕಪ್ಪು ಹಾಗೇ ಉಳಿಯಿತು.

ಸಂಜೆ ಪಡಸಾಲೆಗೆ ಬಂದು, ಇಂದೂಬಾಯಿ ಬೆರಗಾಗಿ ನೋಡುತ್ತಿರುವಾಗ, ಗೌರಾಬಾಯಿ ಭಾವನವರ ಎದುರು ಮೊದಲ ಸಲ ಬಾಯಿ ಬಿಟ್ಟಳು.

"ನಾ ಬ್ಯಾಡ ಅಂದಿದ್ದೆರಿ."

ರಾಯರು ಕಣ್ಣೆತ್ತಲಿಲ್ಲ. "ನನಗ ತಿಳದಿತ್ತವಾ. ಆದ್ರ ಮೀಟಿಂಗನ್ಯಾಗ ಬಾಯಲೆ ಅಂದದ್ದಷ್ಟ ಲೆಕ್ಕಕ್ಕ ಹಿಡೀತಾರ. ನೀ ಒಂದ ಮಾತು ಅಂದಿದ್ರ ನಾನೂ ನಿನ್ನ ಕಡೆ ನಿಂದರತಿದ್ದೆ. ಈಗ ತಿರಗಸಲಿಕ್ಕೆ ಬರೂದಿಲ್ಲ."

ಅವರಿಗೆ ತಿಳಿಯದೆ ಹೋಗಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ತಾನೇ ಶೆಡ್ಡಿಗೆ ಹೋಗಿ ಹೇಳಿದಳು. ಬೈದರೂ ಬೈಸಿಕೊಳ್ಳಲು ಸಿದ್ಧಳಾಗಿದ್ದಳು. ಸಾಬವ್ವ ಬೈಯಲಿಲ್ಲ. ಕಂಕುಳಲ್ಲಿದ್ದ ಕೂಸನ್ನು ಆಚೆಗೊಮ್ಮೆ ಈಚೆಗೊಮ್ಮೆ ಹೊರಳಿಸಿಕೊಂಡಳು.

"ಇರ್ಲಿ ಬಿಡ್ರೀ ಆಯಿ. ನೀವರ ಏನ್ ಮಾಡ್ತೀರಿ. ಹುಡುಗಿ ಕೂಸಿನ ಹಿಡ್ಯಾಕರ ಆಗ್ತಾಳ."

ಅಷ್ಟರಲ್ಲಿ ಸುಮಂಗಲಾ ಶಾಲೆಯ ಅಂಗಿ ತೊಟ್ಟು ಒಳಗಿನಿಂದ ಓಡಿಬಂದಳು. ದಿನದಂತೆ ಗೌರಾಬಾಯಿಯ ಕಡೆಗೆ ಕೈ ಚಾಚಿದಳು. ಸಾಬವ್ವ ಆ ಕೈಗೆ ಕೂಸನ್ನು ಕೊಟ್ಟು, ಗಾರೆಯ ಬುಟ್ಟಿ ಎತ್ತಿಕೊಂಡಳು.