ಬೇಲಿ ದಾಟಿದ ಗೋಳಿ ಪಲ್ಲೆ

ಹೋದ ವಾರ ಬ್ಯಾಡಗಿಯ ಗೆಳತಿಯೊಬ್ಬಳು ಊಟಕ್ಕೆ ಕರೆದಿದ್ದಳು. ಆ ಊರಲ್ಲಿ ಬಸ್ಸಿಳಿದ ಕೂಡಲೇ ಮೆಣಸಿನಕಾಯಿಯ ಘಾಟಿಗೆ ನನಗೆ ಸೀನು ಶುರುವಾಗುತ್ತದೆ. ಸೀನುತ್ತಲೇ ಅವಳ ಮನೆ ಸೇರಿ ತಾಟಿನ ಮುಂದೆ ಕುಳಿತೆ. ರೊಟ್ಟಿಯ ಪಕ್ಕದಲ್ಲಿ ಬೇಳೆ ಹಾಕಿ ಮಾಡಿದ ಗೋಳಿ ಪಲ್ಲೆಯಿತ್ತು. ಅದರ ಹುಳಿ ನಾಲಿಗೆಗೆ ತಾಗಿದ್ದೇ ತಡ, ಕೈ ನಿಂತುಬಿಟ್ಟಿತು. "ಇದನ್ನ ಎಲ್ಲಿ ಹರಕೊಂಡು ಬಂದಿ?" ಎಂದು ಪೊಲೀಸರ ಹಾಗೆ ಕೇಳಿಬಿಟ್ಟೆ. ಉಣ್ಣಲು ಕರೆದವರನ್ನು ಹೀಗೆ ವಿಚಾರಣೆ ಮಾಡಬಾರದೆಂದು ನನಗೂ ಗೊತ್ತು. ಗೆಳತಿಯ ಮುಖ ಸಣ್ಣದಾಯಿತು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಆಮೇಲೆ ನಡೆದದ್ದನ್ನೂ ಸೇರಿಸಿ.

ಗೋಳಿ ಪಲ್ಲೆ ಎಂಬ ಸೊಪ್ಪನ್ನು ನೀವು ನೋಡಿರುತ್ತೀರಿ, ಹೆಸರು ಗೊತ್ತಿಲ್ಲದಿರಬಹುದು. ಕೆಂಪು ದಂಟು, ದಪ್ಪನೆಯ ಪುಟ್ಟ ಎಲೆ, ನೆಲಕ್ಕೆ ಅಂಟಿಕೊಂಡು ಹರಡುವ ಕಳೆ. ಯಾರೂ ಬಿತ್ತುವುದಿಲ್ಲ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನನ್ನ ತಂದೆಯ ಅಕ್ಕ ಗಂಗತ್ತೆಗೆ ಅದು ಪ್ರಾಣ. ಮೊಣಕಾಲು ತೋರಿಸಲೆಂದು ಮೇಡ್ಲೇರಿಯಿಂದ ರಾಣೆಬೆನ್ನೂರಿನ ನಮ್ಮ ಮನೆಗೆ ಬಂದವಳು ಇಲ್ಲೇ ಉಳಿದುಬಿಟ್ಟಳು. ಹಿತ್ತಲಿನ ಗೋಳಿಯನ್ನು ಬೇಳೆಗೆ ಹಾಕುವಳು, ಉಳ್ಳಾಗಡ್ಡಿ, ಶೇಂಗಾಪುಡಿಯೊಂದಿಗೆ ಹಸಿಯಾಗಿ ಕಲಸುವಳು, ಬೇಸಿಗೆಯಲ್ಲಿ ಅಂಗಾಲು ಉರಿದರೆ ಅರೆದು ಹಚ್ಚಿಕೊಳ್ಳುವಳು. ನಾನೂ ಒಮ್ಮೆ ಹಚ್ಚಿಕೊಂಡಿದ್ದೆ. ಉರಿ ಹೋಯಿತೋ ಇಲ್ಲವೋ, ಹಾಸಿಗೆಯಂತೂ ಹಸಿರಾಯಿತು.

ಪಕ್ಕದ ಮನೆಯ ಪಾಟೀಲರಿಗೆ ಅದೇ ಗೋಳಿ ಶತ್ರು. ನಿವೃತ್ತರಾದ ಮೇಲೆ ಅವರು ಗುಲಾಬಿ, ಮಲ್ಲಿಗೆಯ ಮಡಿಗಳನ್ನು ಮಾಡಿಕೊಂಡಿದ್ದರು. ತಂತಿಬೇಲಿಯ ಕೆಳಗಿಂದ ಗೋಳಿ ನುಗ್ಗುತ್ತಿತ್ತು. ಒಂದು ದಿನ ಅವರು ಬೇಲಿಯ ಹತ್ತಿರ ನಿಂತು ಕೂಗಿದರು: "ನಿಮ್ಮ ಹಿತ್ತಲದಿಂದನ ಬರತೈತ್ರಿ ಇದು! ಎಷ್ಟು ಕಿತ್ತರೂ ಮುಗಿಯೂದಿಲ್ಲ."

ಅತ್ತೆ ಸುಮ್ಮನಿರಬೇಕಿತ್ತು. "ಕಿತ್ತು ಅಲ್ಲೇ ಮಣ್ಣಾಗ ಒಗೀತೀರಿ. ಅದು ಮತ್ತ ಬೇರು ಬಿಡತೈತಿ. ಹೂ ಬಿಡೂದ್ರೊಳಗ ಕಿತ್ತು ಬುಟ್ಟಿಗೆ ಹಾಕ್ರಿ," ಎಂದಳು.

"ನನಗ ಕಲಿಸಾಕ ಬರಬ್ಯಾಡ್ರಿ," ಎಂದು ಪಾಟೀಲರು ಒಳಗೆ ಹೋದರು. ಅಂದಿನಿಂದ ಎರಡೂ ಮನೆಗಳ ನಡುವೆ ಮಾತು ನಿಂತಿತು.

ಹೋದ ವರ್ಷ ಮಳೆಗಾಲದ ಒಂದು ಮಧ್ಯಾಹ್ನ ನಾನು ಹಾವೇರಿಯ ಕಾಲೇಜಿನಲ್ಲಿದ್ದೆ. ಅಲ್ಲಿ ಪಾಠ ಹೇಳುವುದು ನನ್ನ ಕೆಲಸ. ಅತ್ತೆಯ ಫೋನು ಬಂತು. ದನಿ ಒಣಗಿತ್ತು.

"ನೀ ಲಗೂನ ಬಾ. ಬೇಲಿ ಕಡಿ ಪಲ್ಲೆ ಹಸೀದ ತಿಂದೆ. ಕೈ ತೊಳಿಯಾಕ ಹಿತ್ತಲಕ್ಕ ಹೋದ್ರ, ಪಾಟೀಲರ ಅಂಗಳದಾಗ ಎಣ್ಣಿ ಹೊಡಿಯೂ ಪಂಪು ಐತಿ. ಎಲಿ ನೆಟ್ಟಗನ ಇದ್ದುವು, ನನಗ ಗೊತ್ತಾಗಲಿಲ್ಲ. ಈಗ ಗಂಟಲಾ ಉರಿಯಾಕತ್ತೈತಿ."

ನಮ್ಮ ಕಡೆ ಎಣ್ಣೆ ಎಂದರೆ ಹೊಲಕ್ಕೆ ಹೊಡೆಯುವ ವಿಷ. ಬಸ್ಸಿನಲ್ಲಿ ಕೂತು ರಾಣೆಬೆನ್ನೂರು ಮುಟ್ಟುವಷ್ಟರಲ್ಲಿ ನಾನು ಅತ್ತೆಯನ್ನು ಮನಸ್ಸಿನಲ್ಲೇ ಎಷ್ಟು ಸಲ ಕಳೆದುಕೊಂಡೆನೋ. ಮನೆಗೆ ಬಂದಾಗ ಅವಳು ಬಚ್ಚಲಿನ ಹೊಸ್ತಿಲ ಮೇಲೆ ಕೂತು ವಾಂತಿ ಮಾಡುತ್ತಿದ್ದಳು. ಪಾಟೀಲರ ಬಾಗಿಲಿಗೆ ಬೀಗವಿತ್ತು. ಆಟೋದಲ್ಲಿ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದೆ.

ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ. "ಯಾವ ಎಣ್ಣಿ ಅಂತ ಗೊತ್ತೈತೇನ್ರಿ? ಕಳೆ ಸಾಯಿಸೂ ಕಸದ ಎಣ್ಣಿಯೊಳಗ ಒಂದು ಜಾತಿ ಐತಿ, ಇವತ್ತು ಮನಿಷ್ಯಾ ಆರಾಮ ಕಾಣತಾನ, ಆಮ್ಯಾಲ ಪುಪ್ಪಸ ಹಿಡೀತೈತಿ. ಅದನ್ನ ತಿಳಕೋಬೇಕು."

ಪಾಟೀಲರಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಕೊನೆಗೆ ಆಸ್ಪತ್ರೆಯ ಹೆಸರಿನೊಂದಿಗೆ ಸಂದೇಶ ಕಳಿಸಿದೆ: ಅತ್ತೆ ನಿಮ್ಮ ಬೇಲಿಯ ಪಲ್ಲೆ ತಿಂದಿದ್ದಾಳೆ, ಹೊಡೆದದ್ದು ಯಾವ ಎಣ್ಣೆ? ಅವರು ಓದಿದ ಗುರುತು ಬಂತು. ಉತ್ತರ ಬರಲಿಲ್ಲ. ಹೆದರಿ ಬಾಯಿ ಮುಚ್ಚಿಕೊಂಡಿದ್ದಾರೆ ಎಂದುಕೊಂಡೆ. ಒಬ್ಬ ಮನುಷ್ಯನ ಮೇಲೆ ಅಷ್ಟು ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ. ಒಳಗೆ ಅತ್ತೆಯ ಮೂಗಿಗೆ ನಳಿಗೆ ಹಾಕಿದ್ದರು. ಅವಳು ನನ್ನ ಸೆರಗು ಹಿಡಿದು ಬಿಡಲೊಲ್ಲಳು.

ಅಷ್ಟರಲ್ಲಿ ವರಾಂಡದಲ್ಲಿ ಗದ್ದಲವಾಯಿತು. ಪಾಟೀಲರು ಬರಿಗಾಲಲ್ಲಿ ಓಡಿ ಬರುತ್ತಿದ್ದರು, ಎದೆಗವಚಿದ ಪ್ಲಾಸ್ಟಿಕ್ ಚೀಲದಲ್ಲಿ ಬಾಟಲಿ. "ನಾನ ಹೊಡೆದೇನ್ರಿ. ಬರಿಯಾಕ ಕೈಯ ಬರಲಿಲ್ಲ, ಬಾಟ್ಲೀನ ತಂದೇನಿ. ನೋಡ್ರಿ, ಲಗೂ ನೋಡ್ರಿ!"

ಡಾಕ್ಟರು ಬಾಟಲಿಯ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದರು. ನಾನು ಅವರ ಮುಖವನ್ನು ಓದುತ್ತಿದ್ದೆ. "ಆ ಜಾತೀದಲ್ಲ," ಎಂದರು.

ಅತ್ತೆ ಕೆಲವು ದಿನಗಳಲ್ಲಿ ಮನೆಗೆ ಬಂದಳು. ಆದರೆ ಪಲ್ಲೆ ಮುಟ್ಟುವುದನ್ನು ಬಿಟ್ಟಳು. ಹಿತ್ತಲಿನ ಬಾಗಿಲನ್ನೇ ತೆರೆಯಲಿಲ್ಲ. ಪಾಟೀಲರು ಗೇಟಿನವರೆಗೆ ಬಂದು ಅತ್ತೆ ಹೇಗಿದ್ದಾಳೆಂದು ನನ್ನನ್ನು ಕೇಳಿಕೊಂಡು ಹಾಗೇ ತಿರುಗಿ ಹೋಗುತ್ತಿದ್ದರು. ಅವರು ಮತ್ತೆ ಎಣ್ಣೆ ಹೊಡೆಯಲಿಲ್ಲ. ಈ ವರ್ಷ ಮಳೆ ಬಿದ್ದಾಗಿನಿಂದ ಕುರಪಿ ಹಿಡಿದು, ಕುಕ್ಕರಗಾಲಲ್ಲಿ ಕೂತು ಗೋಳಿ ಕೀಳುತ್ತಾರೆ, ಒಂದು ದಂಟನ್ನೂ ಮಣ್ಣಿನ ಮೇಲೆ ಬಿಡದೆ ಬುಟ್ಟಿಗೆ ಹಾಕುತ್ತಾರೆ. ಅತ್ತೆ ಕಿಟಕಿಯಿಂದ ನೋಡುತ್ತಿದ್ದಳು.

ನಿನ್ನೆ ಮುಂಜಾನೆ ಅವರು ಗೇಟು ದಾಟಿ ಒಳಗೆ ಬಂದರು. ಬುಟ್ಟಿಯಲ್ಲಿ ತೊಳೆದ ಗೋಳಿ. ಅತ್ತೆಯ ಮುಂದಿಟ್ಟು, "ಮಾಡ್ರಿ ಗಂಗಕ್ಕ. ಮೊದಲ ನಾ ತಿಂತೇನಿ, ಆಮ್ಯಾಲ ನೀವು," ಎಂದರು.

ಅತ್ತೆ ಒಂದು ದಂಟನ್ನು ಎತ್ತಿ ಮೂಸಿ ನೋಡಿದಳು. ಆಮೇಲೆ ಈಳಿಗೆಮಣೆ ಎಳೆದುಕೊಂಡಳು. ಉಳ್ಳಾಗಡ್ಡಿ ಹೆಚ್ಚಿದಳು, ಶೇಂಗಾಪುಡಿ ಹಾಕಿದಳು, ಕಲಸಿದಳು. ಪಾಟೀಲರು ದೊಡ್ಡದೊಂದು ತುತ್ತು ಬಾಯಿಗಿಟ್ಟುಕೊಂಡರು. ಅವರ ಕಣ್ಣಲ್ಲಿ ನೀರು ತುಂಬಿತು. ನಾವಿಬ್ಬರೂ ಅವರ ಗಂಟಲನ್ನೇ ನೋಡುತ್ತಿದ್ದೆವು.

"ಉಪ್ಪು ಕಮ್ಮಿ ಆತೇನ್ರಿ?" ಎಂದು ಅತ್ತೆ ಕೇಳಿದಳು.

ಪಾಟೀಲರು ಬಾಯಿ ತುಂಬಿಕೊಂಡೇ ಇಲ್ಲವೆಂದು ತಲೆಯಾಡಿಸಿದರು. ಅತ್ತೆ ಎದ್ದು ಹಿತ್ತಲಿನ ಬಾಗಿಲು ತೆರೆದು, ಕೈ ತೊಳೆದುಕೊಂಡು ಬಂದು, ತನ್ನ ತಾಟಿಗೆ ಬಡಿಸಿಕೊಂಡಳು.